ಬ್ಲಾಕ್‌ಗೆ ಇರುವುದು ಮೂರೇ ಆಯುಷ್ಯ: ಹಳೆಯ ಟರ್ಬೊ ಡೀಸೆಲ್ ಎಂಜಿನ್‌ಗೆ ಓವರ್‌ಸೈಜ್ ಪಿಸ್ಟನ್ ಕೂರಿಸುವ ಬಗೆ

ನನ್ನ ಎಂಜಿನ್‌ನ ಸಿಲಿಂಡರ್‌ಗಳ ವ್ಯಾಸ ಈಗ 80.01 ಮಿ.ಮೀ. ನ್ಯಾಯವಾಗಿ ಅದು ಇನ್ನೂ 79.76ರಲ್ಲೇ ಇರಬೇಕಿತ್ತು. ಹೊಸ ಪಿಸ್ಟನ್ ಕೈಗೆ ಬರುವ ಮೊದಲೇ ಬ್ಲಾಕನ್ನು (ಸಿಲಿಂಡರ್‌ಗಳಿರುವ ಎಂಜಿನ್‌ನ ಮೈಯನ್ನು) ಬೋರಿಂಗ್‌ಗೆ, ಅಂದರೆ ಸಿಲಿಂಡರ್ ಕೊರೆದು ಅಗಲಿಸಲು, ಕೊಟ್ಟೆ. ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಯನ್ನು ನಂಬಿದೆ. ಒಂದು ವಾರ ಉಳಿಸಲು ಹೋಗಿ ಬ್ಲಾಕಿನ ಆಯುಷ್ಯದ ಮೂರನೆಯ ಒಂದು ಪಾಲನ್ನು ಕಳೆದೆ. ಆತುರಗಾರನಿಗೆ ಬುದ್ಧಿ ಮಟ್ಟ. ಹಾಗಾಗಿ ಈ ಬರಹದಲ್ಲಿ ಸ್ಪ್ಯಾನರ್‌ನ ಮಾತಿಗಿಂತ ಮೈಕ್ರೋಮೀಟರ್‌ನ ಮಾತೇ ಹೆಚ್ಚು.

ಎಂಜಿನ್ ಫೋಕ್ಸ್‌ವ್ಯಾಗನ್‌ನ 1.9 ಲೀಟರ್ ಟಿಡಿಐ, ಕೋಡ್ ಎಎಚ್‌ಯು, 90 ಅಶ್ವಶಕ್ತಿ. 1991ರಲ್ಲಿ ಔಡಿ 80 ಕಾರಿನಲ್ಲಿ ಬಂದ 1ಝಡ್ ಎಂಜಿನ್‌ನ ಒಡಹುಟ್ಟು. ಎರಕದ ಕಬ್ಬಿಣದ ಬ್ಲಾಕ್. ಪ್ರತ್ಯೇಕ ಲೈನರ್ (ಸಿಲಿಂಡರ್‌ನ ಒಳಗೋಡೆಯಾಗಿ ಕೂರಿಸುವ ಕೊಳವೆ) ಇಲ್ಲ, ಬೋರ್ (ಪಿಸ್ಟನ್ ಓಡಾಡುವ ಕುಳಿ) ನೇರವಾಗಿ ಬ್ಲಾಕಿನ ಮೈಯಲ್ಲೇ ಕೊರೆದದ್ದು. ಕಾರ್ಖಾನೆ ಇದಕ್ಕೆ ಮೂರು ಅಳತೆಗಳನ್ನು ಕೊಟ್ಟಿದೆ. ಮೂಲ ಅಳತೆಯಲ್ಲಿ ಪಿಸ್ಟನ್ 79.47, ಬೋರ್ 79.51. ಮೊದಲ ಓವರ್‌ಸೈಜ್‌ನಲ್ಲಿ, ಅಂದರೆ ಮೂಲಕ್ಕಿಂತ ದೊಡ್ಡ ಅಳತೆಯಲ್ಲಿ, 79.72 ಮತ್ತು 79.76. ಎರಡನೆಯದರಲ್ಲಿ 79.97 ಮತ್ತು 80.01. ಅಲ್ಲಿಗೆ ಮುಗಿಯಿತು. ಅದರಾಚೆ ಬೋರ್ ದೊಡ್ಡದು ಮಾಡಿ ಲೈನರ್ ಒತ್ತಿಸಬೇಕು. ಸಿಲಿಂಡರ್‌ಗಳ ನಡುಬಿಂದುಗಳ ಅಂತರ 88 ಮಿ.ಮೀ. ಇರುವಾಗ ಎರಡು ಬೋರ್‌ಗಳ ನಡುವೆ ಉಳಿಯುವುದು ಸುಮಾರು 8 ಮಿ.ಮೀ. ಕಬ್ಬಿಣ ಮಾತ್ರ. ಲೈನರ್‌ಗಾಗಿ ಅದನ್ನೂ ಕೊರೆಯುವುದು ನನಗೆ ಹಿಡಿಸದ ಕೆಲಸ.

ನಿಮ್ಮ ಎಂಜಿನ್ ಬೇರೆಯದಾದರೆ ಕೆಲಸದ ಕ್ರಮ ಇದೇ, ಸಂಖ್ಯೆಗಳು ಬೇರೆ. ನಿಮ್ಮ ಎಂಜಿನ್ ಕೋಡ್‌ಗೆ ಸೇರಿದ ದುರಸ್ತಿ ಕೈಪಿಡಿ ಪಕ್ಕದಲ್ಲಿರದೆ ಒಂದು ಬೋಲ್ಟನ್ನೂ ಬಿಚ್ಚಬೇಡಿ.

ದೊಡ್ಡ ಪಿಸ್ಟನ್ ಹಾಕಿದರೆ ಶಕ್ತಿ ಹೆಚ್ಚುತ್ತದೆಯೇ ಎಂದು ಕೇಳುವವರಿದ್ದಾರೆ. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 95.5 ಮಿ.ಮೀ. ಇದೆ; ಅರ್ಧ ಮಿಲಿಮೀಟರ್ ಅಗಲಿಸಿದರೆ ನಾಲ್ಕು ಸಿಲಿಂಡರ್‌ಗಳೂ ಸೇರಿ 24 ಸಿ.ಸಿ. ಹೆಚ್ಚುತ್ತದೆ. ಕೆಮ್ಮಿನ ಔಷಧಿಯ ಎರಡು ಮುಚ್ಚಳಕ್ಕಿಂತ ತುಸು ಜಾಸ್ತಿ. ಓವರ್‌ಸೈಜ್ ಹಾಕುವುದು ಸವೆದ ಗೋಡೆಯನ್ನು ಮತ್ತೆ ದುಂಡಗೆ, ನೆಟ್ಟಗೆ ಮಾಡಲು. ಹಿಂದೆ ಇದ್ದ ಶಕ್ತಿ ಮರಳಿ ಬರುತ್ತದೆ, ಅಷ್ಟೆ.

ಬಿಚ್ಚುವ ಮೊದಲು

ನೀಲಿ ಹೊಗೆ ಕಂಡ ಕೂಡಲೇ ಪಿಸ್ಟನ್ ಮೇಲೆ ಗುಮಾನಿ ಪಡಬೇಡಿ. ಹಳೆಯ ಟರ್ಬೊದ ಸೀಲ್ ಸೋತಿದ್ದರೂ ಅದೇ ಹೊಗೆ ಬರುತ್ತದೆ. ಟರ್ಬೊಗೆ ಗಾಳಿ ತರುವ ಕೊಳವೆ ಬಿಚ್ಚಿ ಅದರ ಚಕ್ರವನ್ನು ಬೆರಳಿನಿಂದ ಅಲ್ಲಾಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಸಡಿಲ ಇರುವುದು ಸಹಜ; ಮುಂದೆ ಹಿಂದೆ ಆಡಿದರೆ ಅಥವಾ ಚಕ್ರದ ಅಂಚು ಗೋಡೆಗೆ ತಾಗಿದರೆ ರೋಗ ಅಲ್ಲಿದೆ.

ಆಮೇಲೆ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಅದುಮಿದಾಗಿನ ಒತ್ತಡ, ನೋಡಬೇಕು. ಡೀಸೆಲ್‌ಗೆಂದೇ ಮಾಡಿದ ಗೇಜ್ ಬೇಕು, ಪೆಟ್ರೋಲ್ ಎಂಜಿನ್‌ನ ಗೇಜ್ ಈ ಒತ್ತಡಕ್ಕೆ ನಿಲ್ಲುವುದಿಲ್ಲ. ಇಂಧನ ನಿಲ್ಲಿಸುವ ಸೊಲೆನಾಯ್ಡ್‌ನ ತಂತಿ ಕಿತ್ತು ಸ್ಟಾರ್ಟರ್ ತಿರುಗಿಸಿ. ಹೊಸ ಎಂಜಿನ್‌ನಲ್ಲಿ 25ರಿಂದ 31 ಬಾರ್ ಇರುತ್ತದೆ. 19 ಬಾರ್ ಕೊನೆಯ ಮಿತಿ, ಸಿಲಿಂಡರ್‌ಗಳ ನಡುವೆ 5 ಬಾರ್‌ಗಿಂತ ಹೆಚ್ಚಿನ ವ್ಯತ್ಯಾಸ ಇರಬಾರದು. ನನಗೆ ಬಂದದ್ದು 24, 23, 16, 22. ಪೆಟ್ರೋಲ್ ಎಂಜಿನ್‌ನಲ್ಲಿ ಮಾಡುವಂತೆ ಸಿಲಿಂಡರ್‌ಗೆ ಎಣ್ಣೆ ಸುರಿದು ಮತ್ತೆ ಪರೀಕ್ಷಿಸುವ ಉಪಾಯವನ್ನು ಇಲ್ಲಿ ಮಾಡಬೇಡಿ. ಪಿಸ್ಟನ್ ಮೇಲೆ ನಿಂತಾಗ ಒಂದು ಸಿಲಿಂಡರ್‌ನಲ್ಲಿ ಉಳಿಯುವ ಜಾಗ ಸುಮಾರು 25 ಸಿ.ಸಿ. ಎಣ್ಣೆ ತುಸು ಹೆಚ್ಚಾದರೂ ಅದುಮಲಾಗದೆ, ಪಿಸ್ಟನ್ನನ್ನು ಕ್ರ್ಯಾಂಕ್‌ಗೆ (ಎಂಜಿನ್‌ನ ತಿರುಗುವ ದಂಡಕ್ಕೆ) ಸೇರಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಅದರ ಬದಲು ಪಿಸ್ಟನ್ ಮೇಲಿರುವಾಗ ಒಳಕ್ಕೆ ಗಾಳಿಯ ಒತ್ತಡ ಕೊಟ್ಟು ಕಿವಿಗೊಡಿ. ಎಣ್ಣೆ ಹಾಕುವ ಬಾಯಿಯಿಂದ ಸುಯ್ಯೆಂದರೆ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಅಥವಾ ಬೋರ್, ಸೈಲೆನ್ಸರ್‌ನಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಗಾಳಿ ಒಳಬರುವ ಕೊಳವೆಯಿಂದ ಬಂದರೆ ಇನ್‌ಲೆಟ್ ವಾಲ್ವ್, ಕೂಲಂಟ್ ತೊಟ್ಟಿಯಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕ್‌ಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ಹಾಳೆ). ನನ್ನ ಮೂರನೆಯ ಸಿಲಿಂಡರ್ ಎಣ್ಣೆ ಬಾಯಿಯಿಂದಲೇ ಉಸಿರಾಡುತ್ತಿತ್ತು.

ಬಿಚ್ಚುವುದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಫೋಟೊ ತೆಗೆಯಿರಿ, ಚೀಟಿ ಅಂಟಿಸಿ. ಒಂದು ಮಾತು ಮಾತ್ರ ಕಡ್ಡಾಯ: ಪ್ರತಿ ಕನೆಕ್ಟಿಂಗ್ ರಾಡ್‌ಗೂ ಅದರ ಕ್ಯಾಪ್‌ಗೂ ಸಿಲಿಂಡರ್ ಸಂಖ್ಯೆಯ ಗುರುತು ಹಾಕಿ, ಯಾವ ಬದಿ ಮುಂದೆ ಎಂಬುದನ್ನೂ ಗುರುತಿಸಿ. ಕ್ಯಾಪ್ ತನ್ನ ರಾಡ್ ಜೊತೆಗೇ ಕೊರೆಯಲ್ಪಟ್ಟದ್ದು, ಜೋಡಿ ತಪ್ಪಿದರೆ ಎರಡೂ ಕೆಲಸಕ್ಕೆ ಬಾರದವು. ಮೇನ್ ಬೇರಿಂಗ್ ಕ್ಯಾಪ್‌ಗಳಿಗೂ ಇದೇ ಮಾತು.

ಇಪ್ಪತ್ತನಾಲ್ಕು ಅಳತೆಗಳು

ಬರಿದಾದ ಬ್ಲಾಕನ್ನು ಎಂಜಿನ್ ಸ್ಟ್ಯಾಂಡ್‌ನಿಂದ ಇಳಿಸಿ, ಸಮತಟ್ಟಾದ ಮೇಜಿನ ಮೇಲಿಡಿ. ಸ್ಟ್ಯಾಂಡಿಗೆ ಬಿಗಿದ ಬ್ಲಾಕ್ ತಿರುಚಿಕೊಳ್ಳುತ್ತದೆ, ಅಳತೆ ಸುಳ್ಳು ಹೇಳುತ್ತದೆ. ಫೋಕ್ಸ್‌ವ್ಯಾಗನ್‌ನ ಕೈಪಿಡಿಯೇ ಹಾಗೆ ಅಳೆಯಬೇಡಿ ಎಂದು ಎಚ್ಚರಿಸುತ್ತದೆ. ಅಷ್ಟು ದಪ್ಪ ಕಬ್ಬಿಣ ತಿರುಚುವುದೇ ಎಂದು ಮೊದಲು ನಾನೂ ನಕ್ಕಿದ್ದೆ. ಒಂದೇ ಬೋರನ್ನು ಎರಡೂ ರೀತಿ ಅಳೆದ ಮೇಲೆ ನಗು ನಿಂತಿತು.

ಬೋರ್ ಗೇಜನ್ನು ಮೈಕ್ರೋಮೀಟರ್‌ನಲ್ಲಿ 79.51ಕ್ಕೆ ಹೊಂದಿಸಿ ಸೊನ್ನೆ ಮಾಡಿಕೊಳ್ಳಿ. ಪ್ರತಿ ಸಿಲಿಂಡರ್‌ನಲ್ಲಿ ಮೂರು ಎತ್ತರ: ಮೇಲಂಚಿನಿಂದ ಸುಮಾರು 10 ಮಿ.ಮೀ. ಕೆಳಗೆ, ನಡುವೆ, ಕೆಳ ಅಂಚಿನಿಂದ 10 ಮಿ.ಮೀ. ಮೇಲೆ. ಪ್ರತಿ ಎತ್ತರದಲ್ಲಿ ಎರಡು ದಿಕ್ಕು: ಕ್ರ್ಯಾಂಕ್‌ನ ಉದ್ದಕ್ಕೆ ಒಂದು, ಅದಕ್ಕೆ ಅಡ್ಡವಾಗಿ ಒಂದು. ನಾಲ್ಕು ಸಿಲಿಂಡರ್‌ಗೆ 24 ಅಳತೆ. ನಾನು ಗೇಜ್ ಓದುತ್ತಿದ್ದೆ, ಮಗಳು ಬರೆಯುತ್ತಿದ್ದಳು. ನಾನು ಓದಿದ್ದನ್ನು ಅವಳು ಪ್ರತಿ ಸಲ ಮತ್ತೆ ಓದಿ ಹೇಳುತ್ತಿದ್ದಳು. ಈ ಅಭ್ಯಾಸ ಎರಡು ತಪ್ಪುಗಳನ್ನು ಹಿಡಿಯಿತು.

ಮೂಲ ಅಳತೆಯಿಂದ 0.10 ಮಿ.ಮೀ.ಗಿಂತ ಹೆಚ್ಚು ಸರಿದಿದ್ದರೆ ಬೋರಿಂಗ್ ಆಗಲೇಬೇಕು. ಮೊದಲ ಸಲ ನನ್ನ ಮೂರನೆಯ ಸಿಲಿಂಡರ್‌ನ ಮೇಲ್ಭಾಗ ಅಡ್ಡ ದಿಕ್ಕಿನಲ್ಲಿ 79.66 ಇತ್ತು, ಅಂದರೆ 0.15 ಸವೆತ. ಸವೆತ ಯಾವಾಗಲೂ ಅಲ್ಲೇ ಹೆಚ್ಚು: ಮೇಲಿನ ರಿಂಗ್ ನಿಂತು ತಿರುಗುವ ಜಾಗ, ಬೆಂಕಿಯ ಬಿಸಿ, ಎಣ್ಣೆಯ ಕೊರತೆ, ಪಿಸ್ಟನ್ ಗೋಡೆಗೆ ಒರಗುವ ಬದಿ, ಎಲ್ಲವೂ ಅಲ್ಲಿ ಕೂಡುತ್ತವೆ.

ಇಲ್ಲಿ ಒಂದು ಲೆಕ್ಕ ಹಾಕಬೇಕು. ಮೊದಲ ಓವರ್‌ಸೈಜ್ ವ್ಯಾಸದಲ್ಲಿ 0.25 ಹೆಚ್ಚು, ಅಂದರೆ ಪ್ರತಿ ಬದಿಯಿಂದ ತೆಗೆಯುವುದು 0.125 ಮಾತ್ರ. ಸವೆತವೆಲ್ಲ ಒಂದೇ ಬದಿಗೆ 0.13 ಆಗಿದ್ದರೆ ಕತ್ತಿಯ ಮೊನೆ ಅಲ್ಲಿಗೆ ಮುಟ್ಟುವುದೇ ಇಲ್ಲ. ಮುಟ್ಟಿಸಲೆಂದು ಕೊರೆಯುವವರು ಕೇಂದ್ರವನ್ನು ಆ ಕಡೆಗೆ ಸರಿಸಿದರೆ ಬೋರ್ ಕ್ರ್ಯಾಂಕ್‌ನ ನೇರಕ್ಕೆ ನಿಲ್ಲುವುದಿಲ್ಲ. ಮೂಲ ಕೇಂದ್ರದಲ್ಲೇ ಕೊರೆದು ಶುದ್ಧವಾಗದಿದ್ದರೆ ಎರಡನೆಯ ಓವರ್‌ಸೈಜ್‌ಗೆ ಹೋಗಿ. ಒಂದು ಸಿಲಿಂಡರ್ ಕೆಟ್ಟಿದ್ದರೂ ನಾಲ್ಕನ್ನೂ ಒಂದೇ ಅಳತೆಗೆ ತನ್ನಿ.

ನಾನು ಮಾಡಿದ ತಪ್ಪು

ಆಗ ನನ್ನ ಬ್ಲಾಕ್ 0.25ರಲ್ಲೇ ಶುದ್ಧವಾಗುವಂತಿತ್ತು. ಪಿಸ್ಟನ್ ಬರುವುದು ತಡವಾಯಿತು. ಬೋರಿಂಗ್ ಮಾಡುವವರ ಬಳಿ ಸರದಿ ಬಂದಿತ್ತು. ‘79.76 ಮಾಡಿ’ ಎಂದು ಚೀಟಿ ಬರೆದು ಕೊಟ್ಟೆ. ಬ್ಲಾಕ್ ಬಂತು, ಪಿಸ್ಟನ್ ಬಂತು, ಪೆಟ್ಟಿಗೆಯ ಮೇಲೆ 79.72 ಎಂದಿತ್ತು, ಜೋಡಿಸಿದೆ.

ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಹತ್ತು ನಿಮಿಷ ಬಾಗಿಲು ತಟ್ಟಿದ ಸದ್ದು. ಬಿಸಿಯಾದ ಮೇಲೆ ಮೌನ. ಇಂಜೆಕ್ಟರ್ ಸದ್ದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು 6,000 ಕಿ.ಮೀ. ಓಡಿಸಿದೆ. ಎಣ್ಣೆ ಇಳಿಯತೊಡಗಿದಾಗ ಮತ್ತೆ ಬಿಚ್ಚಿ, ಮೊದಲೇ ಮಾಡಬೇಕಿದ್ದ ಅಳತೆ ಮಾಡಿದೆ. ಪಿಸ್ಟನ್ 79.68. ಬೋರ್ 79.78. ಇರಬೇಕಾದ ಸಂದು 0.04, ಇದ್ದದ್ದು 0.10. ಪಿಸ್ಟನ್ 0.04 ಸಣ್ಣದು, ಬೋರ್ 0.02 ದೊಡ್ಡದು. ಯಾರೂ ದೊಡ್ಡ ಸುಳ್ಳು ಹೇಳಿರಲಿಲ್ಲ, ಆದರೆ ಎರಡು ಸಣ್ಣ ಸುಳ್ಳುಗಳು ಒಂದೇ ದಿಕ್ಕಿಗೆ ಕೂಡಿದ್ದವು. ಪಿಸ್ಟನ್‌ನ ಸ್ಕರ್ಟ್ (ರಿಂಗ್‌ಗಳ ಕೆಳಗಿನ ಮೈ) ಗೋಡೆಗೆ ಬಡಿದು ಮೂರನೆಯ ಬೋರ್‌ನಲ್ಲಿ ಉಗುರಿಗೆ ಸಿಗುವ ಗೀರುಗಳಾಗಿದ್ದವು. ಅದನ್ನು ಉಳಿಸಿಕೊಳ್ಳುವ ದಾರಿ ಇರಲಿಲ್ಲ.

ಹಾಗಾಗಿ ಕ್ರಮ ಹೀಗಿರಲಿ: ಮೊದಲು ಬ್ಲಾಕ್ ಅಳೆಯಿರಿ, ಯಾವ ಓವರ್‌ಸೈಜ್ ಎಂದು ನಿರ್ಧರಿಸಿ, ಪಿಸ್ಟನ್ ತರಿಸಿ, ನಾಲ್ಕನ್ನೂ ನೀವೇ ಅಳೆಯಿರಿ, ಆಮೇಲೆ ಬ್ಲಾಕನ್ನೂ ಪಿಸ್ಟನ್‌ಗಳನ್ನೂ ಒಟ್ಟಿಗೆ ಕೊಡಿ. ದರ್ಜಿಗೆ ಮೈ ತೋರಿಸದೆ ಅಂಗಿ ಹೊಲಿಸಿದವನು ನಾನು.

ಪಿಸ್ಟನ್ ಆರಿಸುವುದು, ಅಳೆಯುವುದು

ವ್ಯಾಸ ಒಂದೇ ಸರಿಹೋದರೆ ಸಾಲದು. ಪಿಸ್ಟನ್ನನ್ನು ರಾಡ್‌ಗೆ ಸೇರಿಸುವ ಪಿನ್‌ನ ವ್ಯಾಸ, ಪಿನ್ ಕೂರುವ ಜಾಗದ ಆಕಾರ, ಪಿನ್‌ನಿಂದ ತಲೆಯವರೆಗಿನ ಎತ್ತರ, ತಲೆಯಲ್ಲಿರುವ ಬಟ್ಟಲಿನ ಆಕಾರ, ಎಣ್ಣೆ ಚಿಮ್ಮುವ ನಳಿಕೆಗೆ ಜಾಗ ಬಿಡುವ ಕಚ್ಚು, ಇವೆಲ್ಲ ಹಳೆಯದರೊಂದಿಗೆ ಹೊಂದಬೇಕು. ಇದು ನೇರ ಇಂಜೆಕ್ಷನ್ ಎಂಜಿನ್. ಆ ಬಟ್ಟಲೇ ಉರಿಯುವ ಕೋಣೆ. ಕೆಲವು ತಯಾರಕರು ಓವರ್‌ಸೈಜ್ ಪಿಸ್ಟನ್‌ನ ಎತ್ತರವನ್ನು ಬೇಕೆಂದೇ ಕೊಂಚ ತಗ್ಗಿಸುತ್ತಾರೆ, ಬ್ಲಾಕಿನ ಮೇಲ್ಮೈ ಸಾಪು ಮಾಡಿಸಿರಬಹುದು ಎಂಬ ಲೆಕ್ಕದಲ್ಲಿ. ನಿಮ್ಮ ಬ್ಲಾಕ್ ಸಾಪು ಮಾಡಿಸಿಲ್ಲದಿದ್ದರೆ ಅಂಥ ಪಿಸ್ಟನ್ ಹಾಕಿದಾಗ ಕಂಪ್ರೆಷನ್ ಬಿದ್ದುಹೋಗುತ್ತದೆ.

ಇನ್ನೊಂದು ವಿಷಯ ಅನುಭವಿಗಳೂ ಎಡವುವಂಥದ್ದು. ಈ ಎಂಜಿನ್‌ನಲ್ಲಿ ನಾಲ್ಕು ಪಿಸ್ಟನ್‌ಗಳೂ ಒಂದೇ ಅಲ್ಲ. ತಲೆಯ ಮೇಲೆ ವಾಲ್ವ್‌ಗಾಗಿ ಕೊರೆದ ಗುಳಿಗಳಲ್ಲಿ ಇನ್‌ಲೆಟ್ ವಾಲ್ವ್‌ನದು ದೊಡ್ಡದು. 1 ಮತ್ತು 2ನೆಯ ಸಿಲಿಂಡರ್‌ನಲ್ಲಿ ಆ ದೊಡ್ಡ ಗುಳಿ ಫ್ಲೈವೀಲ್ ಕಡೆಗೆ ಇರಬೇಕು, 3 ಮತ್ತು 4ರಲ್ಲಿ ಪುಲ್ಲಿಯ ಕಡೆಗೆ. ಬಾಣದ ಗುರುತು ಮಾತ್ರ ನಾಲ್ಕರಲ್ಲೂ ಪುಲ್ಲಿಯ ಕಡೆಗೇ. ಪೆಟ್ಟಿಗೆಯಿಂದ ಒಂದೇ ರೀತಿಯ ನಾಲ್ಕು ಹೊರಬಂದರೆ ಹಿಂದಿರುಗಿಸಿ.

ಅಳೆಯುವುದು ಸ್ಕರ್ಟ್‌ನ ಕೆಳಗಿನ ಅಂಚಿನಿಂದ ಸುಮಾರು 10 ಮಿ.ಮೀ. ಮೇಲೆ, ಪಿನ್‌ಗೆ ಅಡ್ಡವಾಗಿ. ತಯಾರಕರು ಬೇರೆ ಎತ್ತರ ಹೇಳಿದ್ದರೆ ಅಲ್ಲಿ. ಪಿಸ್ಟನ್ ದುಂಡಗಿಲ್ಲ. ತಣ್ಣಗಿರುವಾಗ ಅದು ಮೊಟ್ಟೆಯಂತೆ, ತಲೆಯ ಕಡೆ ಕಿರಿದು, ಬಿಸಿಯಾದಾಗ ದುಂಡಾಗುವಂತೆ ಮಾಡಿದ್ದು. ಬೇರೆಲ್ಲೋ ಅಳೆದರೆ ಬೇರೇನೋ ಬರುತ್ತದೆ. ಸ್ಕರ್ಟ್ ಮೇಲೆ ಕಪ್ಪು ಗ್ರಾಫೈಟ್ ಲೇಪ ಇದ್ದರೆ ಅದು ಓಡುತ್ತ ಸವೆದುಹೋಗುತ್ತದೆ. ತಯಾರಕರ ಅಳತೆ ಲೇಪ ಸೇರಿಸಿಯೋ ಬಿಟ್ಟೋ ಎಂಬುದನ್ನು ಪೆಟ್ಟಿಗೆಯ ಕಾಗದದಲ್ಲಿ ಓದಿಕೊಳ್ಳಿ.

ಉಷ್ಣತೆಯನ್ನು ಮರೆಯಬೇಡಿ. 80 ಮಿ.ಮೀ. ಅಲ್ಯೂಮಿನಿಯಂ ಪಿಸ್ಟನ್ ಪ್ರತಿ ಡಿಗ್ರಿಗೆ ಸುಮಾರು 0.0016 ಮಿ.ಮೀ. ಹಿಗ್ಗುತ್ತದೆ. ಬಿಸಿಲಲ್ಲಿಟ್ಟ ಪಿಸ್ಟನ್ ಬ್ಲಾಕಿಗಿಂತ 15 ಡಿಗ್ರಿ ಬೆಚ್ಚಗಿದ್ದರೆ 0.024 ದೊಡ್ಡದಾಗಿ ಕಾಣುತ್ತದೆ, ಅಂದರೆ ಇರಬೇಕಾದ ಸಂದಿನ ಅರ್ಧಕ್ಕಿಂತ ಹೆಚ್ಚು. ಪಿಸ್ಟನ್, ಮೈಕ್ರೋಮೀಟರ್, ಬ್ಲಾಕ್ ಮೂರನ್ನೂ ಒಂದೇ ಕೋಣೆಯಲ್ಲಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅಳೆಯಿರಿ. ಪಿಸ್ಟನ್ ಅನ್ನು ಅಂಗೈಯಲ್ಲಿ ಹಿಡಿದು ಹರಟೆ ಹೊಡೆಯಬೇಡಿ.

ಎರಡನೆಯ ಸಲ ನನ್ನ ಪಿಸ್ಟನ್‌ಗಳು 79.968, 79.971, 79.966, 79.972 ಬಂದವು. ಚೀಟಿಯಲ್ಲಿ ‘80.01’ ಎಂದು ಬರೆಯಲಿಲ್ಲ. ನಾಲ್ಕು ಸಾಲು ಬರೆದೆ: 80.008, 80.011, 80.006, 80.012. ಪ್ರತಿ ಪಿಸ್ಟನ್‌ನ ತಲೆಯ ಮೇಲೆ ಪೆನ್ನಿನಿಂದ ಸಿಲಿಂಡರ್ ಸಂಖ್ಯೆ. ಕೊರೆಯುವವರು ಚೀಟಿ ನೋಡಿ ನನ್ನ ಮುಖ ನೋಡಿದರು. ‘ಹೋದ ಸಲ ಒಂದೇ ಸಂಖ್ಯೆ ಇತ್ತಲ್ಲ’ ಎಂದರು. ಹೌದು, ಇತ್ತು.

ಬೋರಿಂಗ್‌ಗೆ ಕೊಡುವಾಗ

ಬ್ಲಾಕ್ ಕೊಡುವ ಮೊದಲು ಪ್ರತಿ ಸಿಲಿಂಡರ್‌ನ ಬುಡದಲ್ಲಿರುವ ಎಣ್ಣೆ ನಳಿಕೆಗಳನ್ನು ಬಿಚ್ಚಿ. ಪಿಸ್ಟನ್‌ನ ಹೊಟ್ಟೆಗೆ ಎಣ್ಣೆ ಚಿಮ್ಮಿ ತಂಪಾಗಿಡುವ ಪುಟ್ಟ ಕೊಳವೆಗಳು ಅವು. ಟರ್ಬೊ ಡೀಸೆಲ್‌ನಲ್ಲಿ ಅವಿಲ್ಲದೆ ಪಿಸ್ಟನ್ ಬಾಳುವುದಿಲ್ಲ. ಬಿಡಿಸದಿದ್ದರೆ ಹೋನಿಂಗ್ (ಕೊರೆದ ಬೋರನ್ನು ಕಲ್ಲಿನಿಂದ ಉಜ್ಜಿ ಕೊನೆಯ ಅಳತೆಗೆ ತರುವ ಕೆಲಸ) ಮಾಡುವ ಕಲ್ಲು ಬಡಿದು ಬಾಗುತ್ತವೆ, ಇಲ್ಲವೇ ಕಬ್ಬಿಣದ ಪುಡಿ ತುಂಬಿಕೊಳ್ಳುತ್ತದೆ. ಎಣ್ಣೆ ದಾರಿಗಳ ತುದಿಯ ಬಿರಡೆಗಳನ್ನೂ ತೆಗೆಯಿರಿ, ತೊಳೆಯುವಾಗ ಬ್ರಷ್ ಪಾರಾಗಬೇಕು.

ಕೇಳಬೇಕಾದ್ದು ಮೂರು ಸಂಗತಿ. ಮೇನ್ ಬೇರಿಂಗ್ ಕ್ಯಾಪ್‌ಗಳನ್ನು ಬಿಗಿದಿಟ್ಟು ಕೆಲಸ ಮಾಡುತ್ತಾರೆಯೇ? ಕೊರೆಯುವಾಗ ಹೋನಿಂಗ್‌ಗೆಂದು 0.05ರಿಂದ 0.08 ಮಿ.ಮೀ. ಉಳಿಸುತ್ತಾರೆಯೇ? ಟಾರ್ಕ್ ಪ್ಲೇಟ್ ಇದೆಯೇ? ಟಾರ್ಕ್ ಪ್ಲೇಟ್ ಎಂದರೆ ಹೆಡ್‌ನ ಜಾಗದಲ್ಲಿ ಹೆಡ್ ಬೋಲ್ಟ್‌ಗಳಿಂದಲೇ ಬಿಗಿಯುವ ದಪ್ಪ ಉಕ್ಕಿನ ಹಲಗೆ. ಹೆಡ್ ಬೋಲ್ಟ್‌ಗಳು ಬ್ಲಾಕಿನ ಮೈಯನ್ನು ಮೇಲಕ್ಕೆ ಎಳೆದಾಗ ಬೋರ್ ಸ್ವಲ್ಪ ಸೊಟ್ಟಗಾಗುತ್ತದೆ. ಆ ಎಳೆತದಲ್ಲಿರುವಾಗಲೇ ಹೋನ್ ಮಾಡಿದರೆ ಎಂಜಿನ್ ಜೋಡಿಸಿದ ಮೇಲೆ ಬೋರ್ ದುಂಡಗೆ ನಿಲ್ಲುತ್ತದೆ. ಪ್ಲೇಟ್ ಇಲ್ಲ ಎಂದರೆ ಬೇರೆ ಕಡೆ ಹುಡುಕಿ ಎಂದೇ ನಾನು ಹೇಳುವುದು.

ಹೋನಿಂಗ್ ಆದ ಗೋಡೆಯಲ್ಲಿ ಅಡ್ಡಡ್ಡ ಗೀರುಗಳ ಬಲೆ ಕಾಣಬೇಕು, ಸುಮಾರು 45 ಡಿಗ್ರಿ ಕೋನದಲ್ಲಿ. ಎಣ್ಣೆ ನಿಲ್ಲುವುದು ಆ ಗೀರುಗಳಲ್ಲೇ. ಕೊನೆಯಲ್ಲಿ ನಯವಾದ ಕಲ್ಲು ಅಥವಾ ಬ್ರಷ್‌ನಿಂದ ಗೀರಿನ ಚೂಪು ತುದಿಗಳನ್ನಷ್ಟೇ ಸವರಿ ತೆಗೆಯಬೇಕು. ಕನ್ನಡಿಯಂತೆ ಹೊಳೆಯುವ ಬೋರ್ ನೋಡಲು ಚೆಂದ, ರಿಂಗ್ ಅದರಲ್ಲಿ ಎಂದೂ ಕೂರುವುದಿಲ್ಲ. ಮೇಲಂಚಿಗೆ ಸಣ್ಣ ಇಳಿಜಾರು ಮಾಡಿಸಿ. ಇಲ್ಲದಿದ್ದರೆ ಪಿಸ್ಟನ್ ಇಳಿಸುವಾಗ ರಿಂಗ್ ಸಿಕ್ಕಿ ಮುರಿಯುತ್ತದೆ.

ಬ್ಲಾಕ್ ಮರಳಿದಾಗ ಅದೇ ಗೇಜ್, ಅದೇ 24 ಅಳತೆ. ಅವರೆದುರಿಗೇ ಅಳೆಯಿರಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ತೊಳೆಯುವುದು

ಈ ಕೆಲಸಕ್ಕೆ ನಾನು ಒಂದು ಇಡೀ ದಿನ ಕೊಟ್ಟೆ, ಮತ್ತೆ ಮಾಡುವುದಾದರೂ ಕೊಡುತ್ತೇನೆ. ಹೋನಿಂಗ್ ಕಲ್ಲಿನ ಪುಡಿ ಗೀರುಗಳ ಒಳಗೆ ಹುದುಗಿರುತ್ತದೆ. ಡೀಸೆಲ್, ಸೀಮೆಎಣ್ಣೆ, ಪೆಟ್ರೋಲ್ ಇವು ಎಣ್ಣೆಯನ್ನು ತೊಳೆಯುತ್ತವೆ, ಪುಡಿಯನ್ನು ಅಲ್ಲೇ ಬಿಟ್ಟುಹೋಗುತ್ತವೆ. ಬಿಸಿ ನೀರು, ಸೋಪು, ಗಟ್ಟಿ ನೈಲಾನ್ ಬ್ರಷ್ ಬೇಕು. ಉಜ್ಜಿ, ತೊಳೆದು, ಒರೆಸಿ, ಎಣ್ಣೆ ಹಚ್ಚಿದ ಬಿಳಿ ಬಟ್ಟೆಯಿಂದ ಗೋಡೆ ತಿಕ್ಕಿ ನೋಡಿ. ಬಟ್ಟೆ ಬೂದು ಬಣ್ಣವಾದರೆ ಮತ್ತೆ ಸೋಪು. ನನಗೆ ಒಂಬತ್ತನೆಯ ಸಲಕ್ಕೆ ಬಟ್ಟೆ ಬಿಳಿಯಾಗಿ ಉಳಿಯಿತು. ಎಣ್ಣೆ ದಾರಿಗಳಿಗೆ ಉದ್ದನೆಯ ಸಣ್ಣ ಬ್ರಷ್ ತೂರಿಸಿ, ಒತ್ತಡದ ಗಾಳಿ ಊದಿ.

ಕೊನೆಯ ನೀರು ಹರಿದ ಕೂಡಲೇ ಒಣಗಿಸಿ ಎಣ್ಣೆ ಸವರಬೇಕು. ಹಸಿ ಕಬ್ಬಿಣ ನಿಮಿಷಗಳಲ್ಲಿ ಕೆಂಪಾಗುತ್ತದೆ. ಟೀ ಕುಡಿದು ಬರೋಣ ಎನ್ನುವ ಹೊತ್ತಲ್ಲ ಅದು.

ಹಳೆಯ ಆಯಿಲ್ ಕೂಲರನ್ನು ಎಸೆಯಿರಿ. ಹಳೆಯ ಎಂಜಿನ್‌ನ ಲೋಹದ ಚೂರುಗಳು ಅದರ ಒಳಗೆ ಕುಳಿತಿರುತ್ತವೆ, ಹೊರತೆಗೆಯಲು ಬರುವುದಿಲ್ಲ. ಟರ್ಬೊದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಬಿಚ್ಚಿ ತಲೆಕೆಳಗು ಹಿಡಿಯಿರಿ. ನನ್ನದರಿಂದ ಅರ್ಧ ಲೋಟ ಎಣ್ಣೆ ಸುರಿಯಿತು. ಅದೇಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಜೋಡಣೆ

ಕ್ರ್ಯಾಂಕ್‌ನ ಮೇನ್ ಜರ್ನಲ್ (ಬೇರಿಂಗ್‌ನಲ್ಲಿ ತಿರುಗುವ ಭಾಗ) 54.00, ರಾಡ್ ಜರ್ನಲ್ 47.80 ಮೂಲ ಅಳತೆ. ಗೀರಿಲ್ಲದೆ ದುಂಡಗಿದ್ದರೆ ಪಾಲಿಶ್ ಸಾಕು, ಬೇರಿಂಗ್ ಮಾತ್ರ ಹೊಸದು. ಮೇನ್ ಬೋಲ್ಟ್‌ಗಳು 65 ನ್ಯೂಟನ್ ಮೀಟರ್, ಮೇಲೆ 90 ಡಿಗ್ರಿ. ಪ್ರತಿ ಕ್ಯಾಪ್ ಬಿಗಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಿ. ಎಲ್ಲ ಐದನ್ನೂ ಬಿಗಿದ ಮೇಲೆ ತಿರುಗದಿದ್ದರೆ ಕಳ್ಳ ಯಾರೆಂದು ಹುಡುಕುವುದು ಕಷ್ಟ.

ರಿಂಗ್‌ಗಳು ಓವರ್‌ಸೈಜ್‌ಗೆ ಸೇರಿದವೇ ಆಗಿರಬೇಕು. 79.76ರ ರಿಂಗನ್ನು 80.01ರ ಬೋರಿಗೆ ಹಾಕಿದರೆ ಬಾಯಿಯ ಸಂದು 0.78 ಮಿ.ಮೀ. ಹೆಚ್ಚುತ್ತದೆ, ವ್ಯಾಸದ ವ್ಯತ್ಯಾಸದ 3.14 ಪಟ್ಟು. ಪ್ರತಿ ರಿಂಗನ್ನೂ ಅದು ಸೇರಲಿರುವ ಬೋರಿನೊಳಗೇ ಇಟ್ಟು, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ಕೆಳ ಅಂಚಿನಿಂದ ಸುಮಾರು 15 ಮಿ.ಮೀ. ದೂರದಲ್ಲಿ ಫೀಲರ್ ಗೇಜ್‌ನಿಂದ ಅಳೆಯಿರಿ. ಮೇಲಿನ ಎರಡಕ್ಕೆ 0.20ರಿಂದ 0.40, ಎಣ್ಣೆ ರಿಂಗ್‌ಗೆ 0.25ರಿಂದ 0.50. ಕಡಿಮೆ ಇದ್ದರೆ ಹೊರ ಅಂಚಿನಿಂದ ಒಳಕ್ಕೆ ಒಂದೇ ದಿಕ್ಕಿನಲ್ಲಿ ಅರ ಹಾಕಿ. ಸಂದು ಸಾಲದೆ ರಿಂಗ್‌ನ ತುದಿಗಳು ಬಿಸಿಯಲ್ಲಿ ಒಂದಕ್ಕೊಂದು ಒತ್ತಿದರೆ ಪಿಸ್ಟನ್‌ನಲ್ಲಿ ರಿಂಗ್ ಕೂರುವ ಕಚ್ಚಿನ ಅಂಚೇ ಮುರಿಯುತ್ತದೆ. ಗುರುತು ಮೇಲ್ಮುಖವಾಗಿ, ಮೂರು ಬಾಯಿಗಳು 120 ಡಿಗ್ರಿ ಅಂತರದಲ್ಲಿ.

ನಳಿಕೆಗಳನ್ನು ಮತ್ತೆ ಕೂರಿಸಿ. ಪಿಸ್ಟನ್ ಇಳಿಸುವಾಗ ರಾಡ್ ಅವುಗಳಿಗೆ ಬಡಿಯದಂತೆ ಕೆಳಗಿನಿಂದ ಒಬ್ಬರು ಕೈಯಲ್ಲಿ ನಡೆಸಬೇಕು. ರಿಂಗ್ ಅದುಮುವ ಪಟ್ಟಿ ಬಿಗಿದು, ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ತಡೆದರೆ ನಿಲ್ಲಿಸಿ, ಬಲ ಹಾಕಿದರೆ ರಿಂಗ್ ಹೋಯಿತು. ರಾಡ್ ಬೋಲ್ಟ್ ಹೊಸವು, 30 ನ್ಯೂಟನ್ ಮೀಟರ್, ಮೇಲೆ 90 ಡಿಗ್ರಿ.

ಈಗ ಹೆಡ್ ಗ್ಯಾಸ್ಕೆಟ್ ಆರಿಸುವ ಕೆಲಸ; ಅದರ ದಪ್ಪವನ್ನು ಹೇಳುವುದು ಅದರಲ್ಲಿರುವ ಗುರುತಿನ ತೂತುಗಳು. ಈ ಎಂಜಿನ್‌ನಲ್ಲಿ ಪಿಸ್ಟನ್ ಬ್ಲಾಕಿನ ಮೇಲ್ಮೈಯಿಂದ ಸುಮಾರು ಒಂದು ಮಿಲಿಮೀಟರ್ ಹೊರಗೆ ಚಾಚುತ್ತದೆ. ಡಯಲ್ ಗೇಜ್ ಇಟ್ಟು ಪಿಸ್ಟನ್ ಅನ್ನು ತುತ್ತತುದಿಗೆ ತಂದು, ಪಿನ್‌ನ ನೇರಕ್ಕೆ ಎರಡೂ ಬದಿಯಲ್ಲಿ ಅಳೆಯಿರಿ. 0.91ರಿಂದ 1.00 ಇದ್ದರೆ ಒಂದು ತೂತಿನ ಗ್ಯಾಸ್ಕೆಟ್, 1.01ರಿಂದ 1.10 ಎರಡು ತೂತು, 1.11ರಿಂದ 1.20 ಮೂರು ತೂತು. ತೂತು ಹೆಚ್ಚಿದಷ್ಟೂ ದಪ್ಪ. ನಾಲ್ಕರಲ್ಲಿ ಹೆಚ್ಚು ಚಾಚಿದ್ದು ಯಾವುದೋ ಅದರ ಮಾತೇ ಅಂತಿಮ. ನನಗೆ 0.97, 0.98, 1.03, 0.99 ಬಂತು. ಮೂವರು ಒಂದು ತೂತು ಎಂದರು, ಮೂರನೆಯವನಿಂದಾಗಿ ಎರಡು ತೂತಿನದು ತಂದೆ. ಹಳೆಯ ಗ್ಯಾಸ್ಕೆಟ್‌ನ ತೂತು ಎಣಿಸಿ ಹೊಸದು ತರುವುದು ಪಿಸ್ಟನ್ ಬದಲಿಸದಿದ್ದಾಗ ಮಾತ್ರ ಸರಿ.

ಈ ಹೆಡ್ ಅನ್ನು ಸಾಪು ಮಾಡಿಸುವಂತಿಲ್ಲ, ಸೊಟ್ಟ 0.1 ಮಿ.ಮೀ. ದಾಟಿದರೆ ಬೇರೆ ಹೆಡ್ಡೇ ಗತಿ. ವಾಲ್ವ್ ಸೀಟ್‌ಗಳ ನಡುವೆ ಬಿರುಕು ಕಂಡು ಗಾಬರಿಯಾಗಬೇಡಿ, 0.5 ಮಿ.ಮೀ. ಅಗಲದವರೆಗೆ ಕೈಪಿಡಿ ಒಪ್ಪುತ್ತದೆ. ಬ್ಲಾಕಿನ ಬೋಲ್ಟ್ ಕುಳಿಗಳಲ್ಲಿ ಎಣ್ಣೆ, ನೀರು ನಿಂತಿರಬಾರದು. ಬೋಲ್ಟ್ ಇಳಿದಾಗ ಆ ದ್ರವಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕ್ ಸೀಳುತ್ತದೆ. ಹೊಸ ಹೆಡ್ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, 40 ನ್ಯೂಟನ್ ಮೀಟರ್, 60, ಆಮೇಲೆ 90 ಡಿಗ್ರಿ, ಮತ್ತೆ 90.

ಕ್ರ್ಯಾಂಕ್ ಸ್ಪ್ರಾಕೆಟ್‌ನ ಬೋಲ್ಟ್ ಹೊಸದೇ ಆಗಬೇಕು. ಹಳೆಯದನ್ನೇ ಹಾಕಿದರೆ ಅದು ಸಡಿಲವಾಗಿ, ಸ್ಪ್ರಾಕೆಟ್‌ನ ಮೂಗು ಕ್ರ್ಯಾಂಕ್‌ನ ತುದಿಯನ್ನೇ ತಿನ್ನುತ್ತದೆ. ಬೆಲ್ಟ್ ಹಾಕಿದ ಮೇಲೆ ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಟೈಮಿಂಗ್ ಮತ್ತೆ ನೋಡಿ. ವಾಲ್ವ್‌ಗಳನ್ನು ಒತ್ತುವ ಹೈಡ್ರಾಲಿಕ್ ಟ್ಯಾಪೆಟ್‌ಗಳನ್ನು ಹೊಸದಾಗಿ ಹಾಕಿದ್ದರೆ ಅರ್ಧ ಗಂಟೆ ಕಾಯಿರಿ, ಅವು ಕುಸಿದು ಕೂರಬೇಕು. ಇಲ್ಲದಿದ್ದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ.

ಮೊದಲ ಉಸಿರು

ಡೀಸೆಲ್ ಎಂಜಿನ್‌ಗೆ ಇಂಜೆಕ್ಟರ್‌ನಿಂದಲೇ ಇಂಧನ ಬರಬೇಕೆಂದಿಲ್ಲ. ಇಂಟರ್‌ಕೂಲರ್‌ನಲ್ಲಿ ನಿಂತ ಎಣ್ಣೆಯನ್ನು ಗಾಳಿಯ ಜೊತೆ ಎಳೆದುಕೊಂಡರೆ ಅದನ್ನೇ ಉರಿಸಿ ಓಡುತ್ತದೆ. ಕೀಲಿ ತೆಗೆದರೂ ನಿಲ್ಲುವುದಿಲ್ಲ, ಎಣ್ಣೆ ಮುಗಿಯುವವರೆಗೆ ಅಥವಾ ಎಂಜಿನ್ ಮುಗಿಯುವವರೆಗೆ ಕಿರುಚುತ್ತದೆ. ಅದಕ್ಕೇ ಆ ಅರ್ಧ ಲೋಟವನ್ನು ಮೊದಲೇ ಸುರಿದದ್ದು. ಆದರೂ ಮೊದಲ ಸ್ಟಾರ್ಟ್‌ಗೆ ಗಾಳಿ ಕೊಳವೆಯ ಬಾಯಿಯನ್ನು ಮುಚ್ಚುವಷ್ಟು ಅಗಲದ ಮರದ ಹಲಗೆ ಹಿಡಿದು ಒಬ್ಬರು ನಿಂತಿರಲಿ. ಬಟ್ಟೆ ಬೇಡ, ಒಳಗೆ ಎಳೆದುಕೊಳ್ಳುತ್ತದೆ. ಅಂಗೈ ಅಂತೂ ಬೇಡವೇ ಬೇಡ. ನನ್ನ ಮಗಳು ಹಲಗೆ ಹಿಡಿದು ನಿಂತಿದ್ದಳು, ಅದು ಕೆಲಸಕ್ಕೆ ಬರಲಿಲ್ಲ ಎಂದು ಅವಳಿಗೆ ತುಸು ನಿರಾಸೆ.

ಟರ್ಬೊಗೆ ಎಣ್ಣೆ ತರುವ ಕೊಳವೆ ಹೊಸದಿರಲಿ. ಸೇರಿಸುವ ಮೊದಲು ಟರ್ಬೊದ ಎಣ್ಣೆ ಬಾಯಿಗೆ ಎಣ್ಣೆ ಸುರಿದು ಚಕ್ರ ತಿರುಗಿಸಿ. ಇಂಧನ ಸೊಲೆನಾಯ್ಡ್‌ನ ತಂತಿ ಕಿತ್ತು, ಎಣ್ಣೆ ಒತ್ತಡದ ದೀಪ ಆರುವವರೆಗೆ ಸ್ಟಾರ್ಟರ್ ಬಿಟ್ಟುಬಿಟ್ಟು ತಿರುಗಿಸಿ. ಆಮೇಲೆ ತಂತಿ ಸೇರಿಸಿ. ಬಿಸಿಯಾದ ಮೇಲೆ, 80 ಡಿಗ್ರಿಯಲ್ಲಿ, ನಿಮಿಷಕ್ಕೆ 2000 ಸುತ್ತು ತಿರುಗುವಾಗ ಎಣ್ಣೆಯ ಒತ್ತಡ ಕನಿಷ್ಠ 2 ಬಾರ್ ಇರಬೇಕು.

ಹೊಸ ಎಂಜಿನ್ ಎಂದು ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುವವರಿದ್ದಾರೆ. ಕೆಡಿಸಲು ಅದಕ್ಕಿಂತ ಸುಲಭ ದಾರಿಯಿಲ್ಲ. ರಿಂಗನ್ನು ಗೋಡೆಗೆ ಒತ್ತುವುದು ಅದರ ಬೆನ್ನಿಗೆ ಬರುವ ಅನಿಲದ ಒತ್ತಡ. ಭಾರವಿಲ್ಲದಿದ್ದರೆ ಒತ್ತಡವಿಲ್ಲ, ಗೀರುಗಳ ಮೇಲೆ ಸುಟ್ಟ ಎಣ್ಣೆಯ ಹೊಳಪು ಹತ್ತಿ ರಿಂಗ್ ಕೂರುವುದೇ ಇಲ್ಲ. ಬಿಸಿಯಾದ ಕೂಡಲೇ ರಸ್ತೆಗೆ ತನ್ನಿ. ಏರಿನಲ್ಲಿ ಮಧ್ಯಮ ಭಾರ ಕೊಟ್ಟು ಹತ್ತಿಸಿ, ಗೇರ್‌ನಲ್ಲೇ ಇಳಿಸಿ, ವೇಗ ಬದಲಿಸುತ್ತಿರಿ. ಪೂರ್ತಿ ಒತ್ತಬೇಡಿ, ಕಡಿಮೆ ಸುತ್ತಿನಲ್ಲಿ ಎಂಜಿನ್ನನ್ನು ತಿಣುಕಾಡಿಸಬೇಡಿ. ಮೊದಲ ಎಣ್ಣೆ ಸಾದಾ ಮಿನರಲ್ ಡೀಸೆಲ್ ಎಣ್ಣೆಯಾಗಿರಲಿ. 500 ಕಿ.ಮೀ.ಗೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಿದೆ, ಫಿಲ್ಟರ್ ಸೀಳಿ ಮಡಿಕೆಗಳನ್ನು ಬಿಸಿಲಿಗೆ ಹಿಡಿದು ನೋಡಿದೆ: ಸಣ್ಣ ಬೂದು ಮಿನುಗು, ದೊಡ್ಡ ಚೂರಿಲ್ಲ. 1,500ಕ್ಕೆ ಮತ್ತೊಮ್ಮೆ ಬದಲಿಸಿದಾಗ ಮಿನುಗೂ ಇರಲಿಲ್ಲ.

2,000 ಕಿ.ಮೀ. ಆದ ಮೇಲೆ ಗೇಜ್ ಹಾಕಿದೆ: 29, 30, 29, 30. ತಣ್ಣಗಿರುವಾಗಿನ ತಟ್ಟುವ ಸದ್ದು ಇಲ್ಲ. 79.68ರ ಆ ಹಳೆಯ ಪಿಸ್ಟನ್‌ಗಳಲ್ಲಿ ಮೂರನ್ನು ಗುಜರಿಗೆ ಹಾಕಿದೆ, ಒಂದು ಮೇಜಿನ ಮೇಲಿದೆ. ಅದರ ತಲೆಯ ಬಟ್ಟಲಿನಲ್ಲಿ ಪೆನ್ಸಿಲ್ ಚೂರುಗಳನ್ನು ಇಡುತ್ತೇನೆ, ಅಳತೆ ಬರೆಯಲು.